ಗಾರ್ಮೆಂಟ್ಸ್ ಟೈಲರ್‌ಗಳ ಕುತ್ತಿಗೆ, ಭುಜ, ಸೊಂಟ ನೋವು: ಮೊದಲು ಮಶೀನ್ ಸರಿಪಡಿಸಿ

ಪೀಣ್ಯವಿರಲಿ, ಮದ್ದೂರಿರಲಿ, ಹೊಲಿಗೆ ಲೈನಿನಲ್ಲಿ ಟೇಬಲ್ಲುಗಳನ್ನು ಸಾಮಾನ್ಯವಾಗಿ ಒಂದೇ ಎತ್ತರಕ್ಕೆ ಬಿಗಿದಿರುತ್ತಾರೆ. ಕುಳ್ಳಗಿರುವವರೂ ಎತ್ತರದವರೂ ಅದಕ್ಕೇ ಮೈ ಬಗ್ಗಿಸಬೇಕು. ನೋವು ಶುರುವಾದರೆ ‘ವಯಸ್ಸಾಯ್ತು, ಕ್ಯಾಲ್ಸಿಯಂ ಕಮ್ಮಿ’ ಅನ್ನುವುದು ವಾಡಿಕೆ. ಮಾತ್ರೆಗಿಂತ ಮೊದಲು ಅಳತೆ ಟೇಪು ಹಿಡಿಯಿರಿ.

ಭಾರ ಎತ್ತದಿದ್ದರೂ ನೋವೇಕೆ? ತಲೆ ತಗ್ಗಿಸಿ, ತೋಳು ಎತ್ತಿ ಹಿಡಿದು ಕೂತಷ್ಟು ಹೊತ್ತೂ ಕುತ್ತಿಗೆ, ಭುಜದ ಸ್ನಾಯುಗಳು ಬಿಗಿದೇ ಇರುತ್ತವೆ. ಬಿಗಿದ ಸ್ನಾಯುವಿನಲ್ಲಿ ರಕ್ತ ಸರಾಗವಾಗಿ ಓಡದೆ ದಣಿವು ಅಲ್ಲೇ ಉಳಿಯುತ್ತದೆ. ಅದರ ಮೇಲೆ, ಮಾಡಿದ್ದನ್ನೇ ಮಾಡುವ ಕೆಲಸ. ಗಂಟೆಗೆ 60 ಪೀಸ್ ಟಾರ್ಗೆಟ್, ಪೀಸಿಗೆ ಮೂರು ಸಲ ಬಟ್ಟೆ ತಿರುಗಿಸಬೇಕು ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ ಮಣಿಕಟ್ಟು 1,440 ಸಲ ತಿರುಗಿತು. ದಪ್ಪ ಡೆನಿಮ್, ಮೊಂಡು ಟ್ರಿಮ್ಮರ್ (ದಾರ ಕತ್ತರಿಸುವ ಪುಟ್ಟ ಕತ್ತರಿ), ಮುಂಗೈಗೆ ಒತ್ತುವ ಟೇಬಲ್ ಅಂಚು, ಟಾರ್ಗೆಟ್ ಭಯಕ್ಕೆ ಬಿಟ್ಟ ವಿರಾಮ ಸೇರಿದಾಗ ನೋವು ಬೇಗ ಬರುತ್ತದೆ, ನಿಧಾನವಾಗಿ ಹೋಗುತ್ತದೆ.

ಸರಿಪಡಿಸುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಕುರ್ಚಿ. ಪಾದ ಪೆಡಲಿನ ಮೇಲೆ ಪೂರ್ತಿ ಊರಬೇಕು, ತೊಡೆ ನೆಲಕ್ಕೆ ಸಮಾನಾಂತರವಾಗಿರಬೇಕು ಅಥವಾ ಮಂಡಿಯ ಕಡೆಗೆ ತುಸು ಇಳಿಜಾರಾಗಿರಬೇಕು. ಕುಳ್ಳಗಿರುವವರು ಎತ್ತರ ಸಾಲದೆಂದು ದಿಂಬು ಹಾಕಿಕೊಂಡರೆ ಕಾಲು ಜೋತುಬಿದ್ದು, ಸೀಟಿನ ಅಂಚು ತೊಡೆಗೆ ಒತ್ತಿ ಜೋಮು ಹಿಡಿಯುತ್ತದೆ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲನ್ನು ಬದಲಿಸಲೇಬೇಕು.

ಆಮೇಲೆ ಪೆಡಲ್. ಅದು ದೂರ ಇದ್ದರೆ ಟೈಲರ್ ಸೀಟಿನ ತುದಿಗೆ ಜಾರುತ್ತಾರೆ, ಎಂಥ ಒಳ್ಳೆ ಕುರ್ಚಿಯ ಆಸರೆಯೂ ವ್ಯರ್ಥ. ಒರಗಿ ಕೂತಾಗಲೂ ಪಾದ ಸಿಗುವಷ್ಟು ಹತ್ತಿರಕ್ಕೆ ಎಳೆದು ಬಿಗಿಯಿರಿ.

ಮೂರನೆಯದು ಟೇಬಲ್. ತೋಳು ಇಳಿಬಿಟ್ಟು ಮೊಣಕೈ ಮಡಚಿ. ಟೇಬಲ್ ಮೇಲ್ಮೈ ಮೊಣಕೈ ಮಟ್ಟಕ್ಕೆ ಬರಲಿ. ಕಾಲರ್, ಪಾಕೆಟ್‌ನಂತಹ ಕಣ್ಣಿಟ್ಟು ಮಾಡುವ ಕೆಲಸಕ್ಕೆ ಸುಮಾರು 5 ಸೆಂ.ಮೀ. ಮೇಲಿದ್ದರೆ ತಲೆ ಕಡಿಮೆ ಬಗ್ಗುತ್ತದೆ. ಅದಕ್ಕಿಂತ ಮೇಲೇರಿದರೆ ಭುಜ ಎತ್ತಬೇಕಾಗುತ್ತದೆ. ಎತ್ತರ ಬದಲಿಸುವುದು ಮೆಕ್ಯಾನಿಕ್ ಕೆಲಸ: ಕರೆಂಟ್ ತೆಗೆದು, ಇಬ್ಬರು ಹಿಡಿದುಕೊಂಡು, ಸ್ಟ್ಯಾಂಡಿನ ಬೋಲ್ಟ್ ಸಡಿಲಿಸಿ, ಎರಡೂ ಕಡೆ ಒಂದೇ ಮಟ್ಟಕ್ಕೆ ಬಿಗಿಯಬೇಕು. ಇಲ್ಲಿ ಮರೆತುಹೋಗುವ ಸಂಗತಿಯೆಂದರೆ ಪೆಡಲನ್ನು ಮೋಟರಿಗೆ ಜೋಡಿಸುವ ಕಂಬಿ. ಟೇಬಲ್ ಏರಿಸಿ ಕಂಬಿಯನ್ನು ಅಷ್ಟೇ ಉದ್ದ ಮಾಡದಿದ್ದರೆ ಪೆಡಲ್ ಮೇಲಕ್ಕೆ ಎಳೆದುಕೊಂಡು, ದಿನವಿಡೀ ಪಾದ ಮೇಲಕ್ಕೆತ್ತಿ ಹಿಡಿಯುವಂತಾಗುತ್ತದೆ. ಸೊಂಟದ ನೋವು ಹೋಯಿತು, ಕಣಕಾಲಿನದು ಬಂತು ಎಂಬ ದೂರು ಬಂದರೆ ಕಂಬಿ ನೋಡಿ.

ಬಂಡಲ್, ಅಂದರೆ ಹೊಲಿಯಬೇಕಾದ ಬಟ್ಟೆ ತುಂಡುಗಳ ಕಟ್ಟು, ಇಡುವ ಜಾಗ ಮುಂಗೈ ಚಾಚಿದರೆ ಸಿಗುವಷ್ಟು, ಅಂದರೆ ಸುಮಾರು 40 ಸೆಂ.ಮೀ. ಒಳಗಿರಲಿ. ನೆಲದ ಡಬ್ಬಿಯಿಂದ ಬಾಗಿ, ತಿರುಗಿ ಎತ್ತಿಕೊಳ್ಳುವಂತಿದ್ದರೆ ಸೊಂಟಕ್ಕೆ ಹೆಚ್ಚು ಕಷ್ಟ. ಡಬ್ಬಿಗೆ ಒಂದು ಸ್ಟ್ಯಾಂಡ್ ಸಾಕು. ಸೂಜಿಯ ಹತ್ತಿರ ಬೆಳಕು ಮಂಕಾದರೆ ಯಾರೇ ಆದರೂ ಮುಂದಕ್ಕೆ ಬಾಗುತ್ತಾರೆ, ಮಶೀನಿಗೇ ಎಲ್‌ಇಡಿ ಹಾಕಿಸಿ.

ಇಷ್ಟೆಲ್ಲ ಸರಿಯಾದರೂ ಅಲುಗಾಡದೆ ಕೂತರೆ ನೋವು ಬರುತ್ತದೆ. ಗಂಟೆಗೆ ಐದು ನಿಮಿಷ ಎದ್ದು ನಿಲ್ಲಲಿ. ಬಂಡಲ್ ಮುಗಿದಾಗಲೆಲ್ಲ ಅರ್ಧ ನಿಮಿಷ ಕೈ ಇಳಿಬಿಡಲಿ. ಕೆಲಸ ಬದಲಿಸುವುದೂ ಒಳ್ಳೆಯದೇ, ಆದರೆ ಕಾಲರಿನಿಂದ ಕಫ್‌ಗೆ ಹಾಕಿದರೆ ಅದು ಬದಲಾವಣೆಯಲ್ಲ, ಅದೇ ಸ್ನಾಯುಗಳೇ ದುಡಿಯುತ್ತವೆ. ನಿಂತು ಮಾಡುವ ಚೆಕಿಂಗ್‌ಗೆ ಕಳಿಸಿ. ಸೊಂಟದ ಬೆಲ್ಟ್ ಹಂಚಿ ಕೈತೊಳೆದುಕೊಳ್ಳುವುದರಿಂದ ಲಾಭವಿಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕೊರತೆ ಇರುವವರಲ್ಲಿ ಇದು ಹೆಚ್ಚು. ಹೆಬ್ಬೆರಳಿನ ಬುಡದ ಕಡೆ ಮಣಿಕಟ್ಟು ನೋಯುತ್ತಿದ್ದರೆ ಟ್ರಿಮ್ಮರ್ ಹಿಡಿಯುವ ಕೆಲಸ ತಪ್ಪಿಸಿ. ಹಿಡಿತ ಸಡಿಲಾಗಿ ಕೈಯಿಂದ ವಸ್ತು ಜಾರುತ್ತಿದ್ದರೆ, ಸೊಂಟದ ನೋವು ಕಾಲಿಗಿಳಿದರೆ ಕಾಯದೆ ಡಾಕ್ಟರಿಗೆ ತೋರಿಸಿ. ಯಾವ ಮಶೀನು, ಹೊಲಿಗೆಯ ಯಾವ ಕೆಲಸ, ದಿನಕ್ಕೆ ಎಷ್ಟು ಪೀಸ್ ಎಂಬುದನ್ನೂ ಅವರಿಗೆ ಹೇಳಿ.