ಹುಲ್ಲಿನ ಹೊಲಕ್ಕೆ ಸುಣ್ಣ: ಗುಂಟೆಗೆ ಅರ್ಧ ಚೀಲದ ಲೆಕ್ಕ

ಕಲಘಟಗಿ ಕಡೆ ನಮ್ಮದು ಎರಡು ಎಕರೆ ಕೆಂಪು ಮಸಾರಿ ಹೊಲ. ಗಿನಿ ಹುಲ್ಲು ಬೆಳೆದು, ದೀಪಾವಳಿ ಹೊತ್ತಿಗೆ ಕೊಯ್ದು ಒಣಗಿಸಿ ಬಣವೆ ಒಟ್ಟುತ್ತೇವೆ. ಬೇಸಿಗೆ ಪೂರ್ತಿ ನಾಲ್ಕು ಎಮ್ಮೆಗೆ ಅದೇ ಮೇವು. ಒಂದು ಮೂಲೆಯಲ್ಲಿ ಕುದುರೆ ಮೆಂತ್ಯವನ್ನೂ (ಲೂಸರ್ನ್ ಮೇವು) ಹಾಕಿದ್ದೆ. ಎರಡನೇ ವರ್ಷ ಅದು ಹಳದಿಗಟ್ಟಿತು. ಒಂದು ಗಿಡ ಕಿತ್ತು ಮಣ್ಣು ಕೊಡವಿ ನೋಡಿದೆ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ, ಬೇರಿಗೆ ಅಂಟಿಕೊಂಡು ಇರಬೇಕಾದ ಸಣ್ಣ ಗುಲಾಬಿ ಗಂಟು ಒಂದೂ ಇಲ್ಲ. ಯೂರಿಯಾ ಸಾಲುತ್ತಿಲ್ಲ ಅಂದುಕೊಂಡು ಹೊಲಕ್ಕೆಲ್ಲ ಇನ್ನಷ್ಟು ಎರಚಿದೆ. ಮಣ್ಣೇ ಹುಳಿಯಾಗಿತ್ತು, ಅದಕ್ಕೇ ಗಂಟು ಕಟ್ಟಿರಲಿಲ್ಲ. ಹುಳಿ ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿದ ಹಾಗಾಯಿತು.

ನಮ್ಮ ಭಾಗದಲ್ಲಿ ಮಳೆ ಜಾಸ್ತಿ, ಮಣ್ಣಿನ ಸುಣ್ಣದಂಶ ತೊಳೆದು ಹೋಗುತ್ತದೆ. ಹುಲ್ಲು ಕೊಯ್ದು ಸಾಗಿಸಿದಾಗ ಇನ್ನಷ್ಟು ಹೋಗುತ್ತದೆ. ಅದು ಕಡಿಮೆಯಾದಷ್ಟೂ ಮಣ್ಣು ಹುಳಿ. ಯೂರಿಯಾ ಬೇರೆ ಮಣ್ಣನ್ನು ಹುಳಿ ಮಾಡುತ್ತದೆ. 100 ಕೆಜಿ ಯೂರಿಯಾ ತಂದ ಹುಳಿ ಕಳೆಯಲು ಸುಮಾರು 80 ಕೆಜಿ ಸುಣ್ಣದ ಕಲ್ಲಿನ ಪುಡಿ ಬೇಕು.

ಮೊದಲು ಮಣ್ಣು ಪರೀಕ್ಷೆ. ಹತ್ತು ಹನ್ನೆರಡು ಕಡೆ ಮಣ್ಣು ತೆಗೆದು ಕಲಸಿ, ಅರ್ಧ ಕೆಜಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ. ಉಳುಮೆ ಮಾಡದ ಹುಲ್ಲಿನ ಹೊಲದಲ್ಲಿ ಮೇಲಿನ ಮೂರು ಇಂಚಿನ ಮಣ್ಣನ್ನು ಬೇರೆ ಚೀಲದಲ್ಲಿ ಹಾಕಿ. ಗೊಬ್ಬರ ಬೀಳುವುದು ಮೇಲೆ, ಹುಳಿಯೂ ಅಲ್ಲೇ ಜಾಸ್ತಿ. ನನ್ನದು ಮೇಲೆ 5.3, ಕೆಳಗೆ 5.8 ಪಿಎಚ್ ಬಂತು (ಪಿಎಚ್ 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ). ಗಿನಿ ಹುಲ್ಲು ಹೇಗೋ ತಡೆದುಕೊಳ್ಳುತ್ತದೆ. ಕುದುರೆ ಮೆಂತ್ಯಕ್ಕೆ 6.5ರ ಮೇಲಿದ್ದರೇ ಚೆಂದ.

ಗೋಡೆಗೆ ಬಳಿಯುವ ಅರಳಿದ ಸುಣ್ಣ ಬೇಡ, ಎಲೆ ಸುಡುತ್ತದೆ. ಸುಣ್ಣದ ಕಲ್ಲಿನ ಪುಡಿ ಅಥವಾ ಡೋಲೋಮೈಟ್ ತನ್ನಿ. ಡೋಲೋಮೈಟ್‌ನಲ್ಲಿ ಮೆಗ್ನೀಸಿಯಂ ಕೂಡ ಸಿಗುತ್ತದೆ. ಕೊಳ್ಳುವ ಮುಂಚೆ ಚಿಟಿಕೆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ. ಜೋಳದ ಹಿಟ್ಟಿನ ಹಾಗಿದ್ದರೆ ತಗೊಳ್ಳಿ. ರವೆ ಹಾಗೆ ತರಿ ಸಿಕ್ಕರೆ ಅದು ಕರಗಲು ವರ್ಷಗಟ್ಟಲೆ ಬೇಕು, ದುಡ್ಡು ಸುಮ್ನೆ ಹೊಲದಲ್ಲಿ ಬಿದ್ದಿರುತ್ತದೆ.

ಮಣ್ಣು ಪರೀಕ್ಷೆಯವರು ನನಗೆ ಹೇಳಿದ್ದು ಎಕರೆಗೆ ಒಂದು ಟನ್. ಎಕರೆಗೆ 40 ಗುಂಟೆ, ಅಂದರೆ ಗುಂಟೆಗೆ 25 ಕೆಜಿ, 50 ಕೆಜಿ ಚೀಲದಲ್ಲಿ ಅರ್ಧ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಗ್ಗ ಹಿಡಿದು ಗೂಟ ಹೊಡೆದು ಚೌಕ ಮಾಡಿ, ಪ್ರತಿ ಚೌಕದಲ್ಲೂ ಅರ್ಧ ಚೀಲ ಮೊದಲೇ ಇಡಿ. ಅದರಲ್ಲಿ ಅರ್ಧವನ್ನು ಉದ್ದಕ್ಕೆ ನಡೆಯುತ್ತ ಎರಚಿ, ಉಳಿದದ್ದನ್ನು ಅಡ್ಡಕ್ಕೆ. ಹೀಗೆ ಮಾಡಿದರೆ ಪಟ್ಟೆ ಬೀಳುವುದಿಲ್ಲ. ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಮುಗಿಸಿ. ಮೂಗಿಗೆ ಟವೆಲ್, ಕೈಗೆ ಗವಸು ಇರಲಿ. ಮನೆಗೆ ಬಂದಾಗ ನನ್ನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದವು. ಮೊಮ್ಮಗಳು ಗುರುತು ಹಿಡಿಯಲಿಲ್ಲ!

ನಾವು ಹಾಕುವುದು ಬಸವ ಜಯಂತಿ ಆಸುಪಾಸಿನಲ್ಲಿ. ಹುಲ್ಲು ಗಿಡ್ಡ ಇರುತ್ತದೆ, ಮುಂದೆ ಅಡ್ಡಮಳೆ, ಆಮೇಲೆ ಮಿರಗದ ಮಳೆ ಬಂದು ಪುಡಿಯನ್ನು ಇಳಿಸುತ್ತದೆ. ಎಲೆ ಮೇಲಿನ ಪುಡಿ ಮಳೆಗೆ ತೊಳೆದು ಹೋಗುವ ತನಕ ದನ ಬಿಡಬೇಡಿ.

ಒಂದು ಎಡವಟ್ಟು ನಾನೇ ಮಾಡಿದ್ದೇನೆ. ಎರಡು ಸಲ ಯಾಕೆ ಓಡಾಡಬೇಕು ಅಂತ ಮನೆಯಲ್ಲಿದ್ದ ಅರಳಿದ ಸುಣ್ಣಕ್ಕೆ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಸೇರಿಸಿ ಪುಟ್ಟಿಯಲ್ಲಿ ಕಲಸಿದೆ. ಸುಣ್ಣದಲ್ಲಿ ಸ್ವಲ್ಪ ತೇವ ಇತ್ತು. ಗಪ್ಪಂತ ಘಾಟು ಎದ್ದು ಕಣ್ಣಲ್ಲಿ ನೀರು ಬಂತು. ಅದು ಅಮೋನಿಯಾ, ಅಂದರೆ ದುಡ್ಡು ಕೊಟ್ಟು ತಂದ ಸಾರಜನಕ ಗಾಳಿಗೆ ಹೋಯಿತು. ರಂಜಕವೂ ಸುಣ್ಣದ ಜೊತೆ ಗಟ್ಟಿ ಕೂರುತ್ತದೆ. ಈಗ ಸುಣ್ಣ ಹಾಕಿ ಒಂದು ತಿಂಗಳಾದ ಮೇಲೆಯೇ ಗೊಬ್ಬರ ಹಾಕುತ್ತೇನೆ.

ನವಲಗುಂದದ ನಮ್ಮ ಬೀಗರು ಇದನ್ನೆಲ್ಲ ಕೇಳಿ ತಮಗೂ ನಾಲ್ಕು ಚೀಲ ತರಿಸಿ ಅಂದರು. ಅವರದು ಎರೆ ಹೊಲ, ನೇಗಿಲಿಗೆ ಸುಣ್ಣದ ಹರಳು ಸಿಗುವಂಥದ್ದು. ಹೋದಾಗ ಒಂದು ಹೆಂಟೆ ಒಡೆದು, ಎರಡು ಹನಿ ವಿನೆಗರ್ ಬಿಟ್ಟು ತೋರಿಸಿದೆ. ಬುಸ್ ಅಂತ ನೊರೆ ಬಂತು. ಅಂಥ ಮಣ್ಣಿಗೆ ಮತ್ತೆ ಸುಣ್ಣ ಸುರಿದರೆ ಕಬ್ಬಿಣ, ಸತು ಸಿಗದೆ ಮೇವು ಬಿಳಿಚಿಕೊಳ್ಳುತ್ತದೆ.

ಮೇಲೆ ಎರಚಿದ ಸುಣ್ಣ ಇಳಿಯುವುದು ಬಹಳ ನಿಧಾನ. ಎರಡು ವರ್ಷದ ಮೇಲೆ ಮತ್ತೆ ಮಣ್ಣು ಕೊಟ್ಟೆ. ಮೇಲಿನ ಮೂರು ಇಂಚು 6.1ಕ್ಕೆ ಬಂದಿತ್ತು, ಕೆಳಗಿನದು ಇನ್ನೂ 5.8. ಕುದುರೆ ಮೆಂತ್ಯವನ್ನು ಈ ವರ್ಷವೂ ಹಾಕಿಲ್ಲ.