ಕತ್ತರಿ ಹಿಡಿದವನು ಗಿರಾಕಿಯನ್ನು ನೋಡಿರಬೇಕು

ಬೆಂಗಳೂರಿನ ದೊಡ್ಡ ರಸ್ತೆಗಳಲ್ಲಿ ಈಗ ‘ಬೆಸ್ಪೋಕ್’, ಅಂದರೆ ಒಬ್ಬ ಗಿರಾಕಿಗೆಂದೇ ಕತ್ತರಿಸಿ ಹೊಲಿದದ್ದು, ಎಂದು ಬರೆದ ಫಲಕಗಳಿಗೆ ಕೊರತೆಯಿಲ್ಲ. ಬಟ್ಟೆ, ಹೊಲಿಗೆ ಎಲ್ಲ ಸೇರಿ 15,000 ರೂಪಾಯಿಗೆ ಸೂಟ್, ಹತ್ತು ದಿನಗಳಲ್ಲಿ ಕೈಗೆ. ನಾನು ಕಟ್ಟಿಂಗ್ ಮಾಸ್ಟರ್. ಅಂಥದ್ದೇ ಒಂದು ಮಳಿಗೆಯಲ್ಲಿ ಹಲವು ವರ್ಷ ಅಳತೆ ತೆಗೆಯುವ ಕೆಲಸ ಮಾಡಿ, ಆಮೇಲೆ ಸ್ವಂತ ಅಂಗಡಿ ಇಟ್ಟೆ. ಎರಡೂ ಬಗೆಯ ಕೆಲಸವನ್ನು ಒಳಗಿನಿಂದ ಬಲ್ಲೆನಾದ್ದರಿಂದ ಹೇಳುತ್ತೇನೆ: ಕಡಿಮೆ ಬೆಲೆಯ ಅಳತೆ ಸೂಟ್ ಒಳ್ಳೆಯ ಸರಕೇ. ಆದರೆ ಅದಕ್ಕೆ ಬೆಸ್ಪೋಕ್ ಎಂಬ ಹೆಸರಿನ ಮೇಲೆ ಹಕ್ಕಿಲ್ಲ.

ಮಳಿಗೆಯಲ್ಲಿ ಕೆಲಸ ಹೀಗೆ ನಡೆಯುತ್ತಿತ್ತು. 36ರಿಂದ 46ರವರೆಗಿನ ಸೈಜಿನ ಮಾದರಿ ಕೋಟುಗಳು ಹ್ಯಾಂಗರಿನಲ್ಲಿ ಸಾಲಾಗಿ ತೂಗುತ್ತಿದ್ದವು. ಗಿರಾಕಿಗೆ ಹತ್ತಿರದ ಸೈಜಿನದನ್ನು ತೊಡಿಸಿ, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ನೋಡಿ ಪಿನ್ನು ಚುಚ್ಚಿ, ವ್ಯತ್ಯಾಸವನ್ನು ಕಂಪ್ಯೂಟರಿನ ನಮೂನೆಯಲ್ಲಿ ತುಂಬುತ್ತಿದ್ದೆ. ತೋಳು ಒಂದು ಸೆಂಟಿಮೀಟರ್ ಗಿಡ್ಡ, ಸೊಂಟ ಎರಡು ಸೆಂಟಿಮೀಟರ್ ಅಗಲ, ಬಲಭುಜ ಅರ್ಧ ಸೆಂಟಿಮೀಟರ್ ಕೆಳಗೆ. ಆ ಅಂಕಿಗಳು ಕಾರ್ಖಾನೆಗೆ ಹೋಗುತ್ತಿದ್ದವು. ಅಲ್ಲಿ ಮೊದಲೇ ಸಿದ್ಧವಿರುವ ಪ್ಯಾಟರ್ನನ್ನು, ಅಂದರೆ ಬಟ್ಟೆ ಕತ್ತರಿಸುವ ನಕ್ಷೆಯನ್ನು, ತಂತ್ರಾಂಶ ಆ ಲೆಕ್ಕದಂತೆ ಹಿಗ್ಗಿಸಿ ಕುಗ್ಗಿಸುತ್ತದೆ, ಯಂತ್ರ ಬಟ್ಟೆಯನ್ನು ಕತ್ತರಿಸುತ್ತದೆ, ಎದೆಯ ಒಳಭಾಗಕ್ಕೆ ಆಕಾರ ಕೊಡುವ ಫ್ಯೂಸಿಂಗ್ ಎಂಬ ಅಂಟುಬಟ್ಟೆಯನ್ನು ಬಿಸಿ ಪ್ರೆಸ್ಸಿನಲ್ಲಿ ಅಂಟಿಸುತ್ತಾರೆ. ಗಿರಾಕಿ ಮತ್ತೆ ಬರುವ ಹೊತ್ತಿಗೆ ಕಾಜಾ, ಗುಂಡಿ ಸಮೇತ ಕೋಟು ಮುಗಿದಿರುತ್ತದೆ. ಆಮೇಲೆ ತೋಳಿನ ಉದ್ದ, ಸೊಂಟದ ಬಿಗಿ, ಪ್ಯಾಂಟಿನ ಕೆಳಮಡಿಕೆಯನ್ನು ಬದಲಿಸಬಹುದು. ಭುಜವನ್ನಾಗಲಿ ಕಂಕುಳನ್ನಾಗಲಿ ಮುಟ್ಟುವಂತಿಲ್ಲ. ಬಿಚ್ಚಿ ಹೊರಗೆಳೆಯಲು ಒಳಗೆ ಬಟ್ಟೆಯನ್ನೇ ಬಿಟ್ಟಿರುವುದಿಲ್ಲ.

ಈ ಇಡೀ ಕೆಲಸದಲ್ಲಿ ಆ ಗಿರಾಕಿಯನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಆದರೆ ಕತ್ತರಿ ನನ್ನ ಕೈಯಲ್ಲಿರಲಿಲ್ಲ.

ಈ ವ್ಯವಸ್ಥೆಯ ಮೇಲೆ ನನಗೆ ಸಿಟ್ಟೇನೂ ಇಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮಾಂಟಗು ಬರ್ಟನ್ ಎಂಬ ಉದ್ಯಮಿ ಇದನ್ನೇ ಬೃಹತ್ ಪ್ರಮಾಣದಲ್ಲಿ ಮಾಡಿದರು. ಊರೂರಿನ ಅಂಗಡಿಗಳಲ್ಲಿ ಅಳತೆ, ಹಡ್ಸನ್ ರಸ್ತೆಯ ಕಾರ್ಖಾನೆಯಲ್ಲಿ ಹೊಲಿಗೆ. ಆ ಕಾರ್ಖಾನೆಯೊಂದರಲ್ಲೇ ಸುಮಾರು 10,000 ಜನ ದುಡಿಯುತ್ತಿದ್ದರು. ಗುಮಾಸ್ತರಿಗೂ ಕಾರ್ಮಿಕರಿಗೂ ತಮ್ಮ ಅಳತೆಯ ಸೂಟ್ ಸಿಕ್ಕಿತು. ದೊಡ್ಡ ಕೆಲಸವೇ ಅದು. ಹೊಲಿಗೆಯವರು ಅದನ್ನು ಕೀಳಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ.

ಹೆಸರಿನ ಜಗಳ ಬಿಸಿಯೇರಿದ್ದು ಲಂಡನ್ನಿನ ಸ್ಯಾವಿಲ್ ರೋನಲ್ಲಿ. ಅಲ್ಲಿನ ಹಳೆಯ ಹೊಲಿಗೆ ಮನೆಗಳು 2004ರಲ್ಲಿ ಸಂಘ ಕಟ್ಟಿಕೊಂಡವು. ಪ್ರತಿ ಗಿರಾಕಿಗೂ ಪ್ರತ್ಯೇಕ ಪ್ಯಾಟರ್ನ್ ಇರಬೇಕು, ಒಂದು ಸೂಟಿನ ಮೇಲೆ ಕನಿಷ್ಠ 50 ಗಂಟೆಗಳ ಕೈಕೆಲಸ ನಡೆದಿರಬೇಕು ಎಂಬುದು ಸಂಘದ ನಿಯಮ. ಅದೇ ಬೀದಿಯಲ್ಲಿ ಯಂತ್ರದಲ್ಲಿ ಹೊಲಿಸಿದ ಅಗ್ಗದ ಸೂಟನ್ನು ಇನ್ನೊಂದು ಕಂಪನಿ ಬೆಸ್ಪೋಕ್ ಎಂದು ಮಾರಲು ಹೊರಟಾಗ, ದೂರು ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರಕ್ಕೆ ಹೋಯಿತು. 2008ರಲ್ಲಿ ಪ್ರಾಧಿಕಾರ ದೂರನ್ನು ತಳ್ಳಿಹಾಕಿತು. ಎರಡೂ ಬಗೆಯವು ಗಿರಾಕಿಯ ಅಳತೆಗೆ, ಗಿರಾಕಿ ಕೇಳಿದಂತೆ ಮಾಡಿದವು, ಸಿದ್ಧ ಉಡುಪುಗಳಲ್ಲ. ಬೆಸ್ಪೋಕ್ ಎಂದೊಡನೆ ಪೂರ್ತಿ ಕೈಹೊಲಿಗೆಯೇ ಎಂದು ಜನ ಭಾವಿಸುವುದಿಲ್ಲ ಎನ್ನುವುದು ಅದರ ವಾದದ ಸಾರ.

ಅದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಯಂತ್ರ ಬಳಸಿದ ಮಾತ್ರಕ್ಕೆ ಹೆಸರು ಕೆಡುವುದಿಲ್ಲ. ಪ್ಯಾಂಟಿನ ಉದ್ದ ಹೊಲಿಗೆ, ಜೇಬಿನ ಚೀಲ, ಬೆನ್ನಿನ ನಡುವಿನ ಹೊಲಿಗೆಯನ್ನು ನಾನೂ ಯಂತ್ರದಲ್ಲೇ ಹಾಕುತ್ತೇನೆ, ಸ್ಯಾವಿಲ್ ರೋನವರೂ ಹಾಕುತ್ತಾರೆ. ಗಂಟೆ ಎಣಿಸುವುದರಲ್ಲೂ ನನಗೆ ಹೆಚ್ಚು ನಂಬಿಕೆಯಿಲ್ಲ. ನಿಧಾನದ ಕೈಗೆ ಗಂಟೆ ತಾನಾಗಿ ಕೂಡಿಬರುತ್ತದೆ. ನನ್ನ ಒರೆಗಲ್ಲು ಬೇರೆ. ಕತ್ತರಿಸುವವನು ಆ ಮೈಯನ್ನು ನೋಡಿದ್ದಾನೆಯೇ? ನೋಡಿ ಕತ್ತರಿಸಿದ್ದನ್ನು ಅದೇ ಮೈಯ ಮೇಲೆ ಬಿಚ್ಚಿ ತಿದ್ದಿದ್ದಾನೆಯೇ?

ಒಂದು ಕೋಟಿನ ಕಥೆ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಆರತಕ್ಷತೆಗೆಂದು ಬೇರೆಡೆ ‘ಬೆಸ್ಪೋಕ್’ ಸೂಟ್ ಹೊಲಿಸಿಕೊಂಡ ಯುವಕನೊಬ್ಬ ಅದನ್ನು ನನ್ನಲ್ಲಿಗೆ ತಂದ. “ಮಾಸ್ಟರ್, ಇದನ್ನು ಸರಿ ಮಾಡಿಕೊಡಲು ಆಗುತ್ತದೆಯೇ?” ಎಂದು ಕೇಳಿದ. ತೊಡಿಸಿ ನೋಡಿದೆ. ಬಲಗಡೆ ಕಾಲರಿನ ಬುಡದಿಂದ ಕಂಕುಳಿನತ್ತ ಓರೆಯಾಗಿ ಸುಕ್ಕು ಇಳಿದಿತ್ತು. ಹಿಂದೆ ಕಾಲರು ಕತ್ತಿನಿಂದ ಬೆರಳು ತೂರುವಷ್ಟು ದೂರ ನಿಂತಿತ್ತು. ಬಾಲ್ಯದಿಂದ ಷಟಲ್ ಆಡಿದ ಮೈ. ಬಲಭುಜ ತುಂಬಿಕೊಂಡಿದೆ, ಎಡಕ್ಕಿಂತ ಕೆಳಗಿಳಿದೂ ಇದೆ. ಜೊತೆಗೆ ಇಡೀ ದಿನ ಕಂಪ್ಯೂಟರಿನ ಮುಂದೆ ಕುಳಿತು ತಲೆ ಮುಂದಕ್ಕೆ ಬಾಗಿದೆ. ಅಳತೆ ಚೀಟಿ ಅವನ ಬಳಿಯೇ ಇತ್ತು. ಅಂಕಿಗಳೆಲ್ಲ ಸರಿಯಾಗಿದ್ದವು. ‘ಬಾಗಿದ ಬೆನ್ನು’ ಎಂಬ ಕಾಲಮ್ಮಿಗೂ ಗುರುತು ಬಿದ್ದಿತ್ತು. ಬಾಗು ಕತ್ತಿನ ಬುಡದಲ್ಲಿದೆಯೋ ಹೆಗಲೆಲುಬಿನ ಕೆಳಗಿದೆಯೋ ಎಂದು ಬರೆಯುವ ಜಾಗ ಮಾತ್ರ ಅದರಲ್ಲಿರಲಿಲ್ಲ. ಫ್ಯೂಸಿಂಗ್ ಅಂಟಿಸಿದ, ಮಾರ್ಜಿನ್ ಬಿಡದ ಕೋಟು. ಆಗುವುದಿಲ್ಲ ಎಂದೆ. ಹೊಸದನ್ನೇ ಹೊಲಿಯಲು ಒಪ್ಪಿಕೊಂಡ.

ಅಳತೆ ತೆಗೆಯುವಾಗ ನಾನು ಯಾರಿಗೂ ನೆಟ್ಟಗೆ ನಿಲ್ಲಿ ಎನ್ನುವುದಿಲ್ಲ. ಮದುವೆ ಎಲ್ಲಿ, ಊಟ ಯಾರದು ಎಂದು ಮಾತಿಗೆಳೆದು, ಅವರು ಮೈಮರೆತು ನಿಂತಾಗ ಹಿಂದಿನಿಂದ, ಪಕ್ಕದಿಂದ ನೋಡುತ್ತೇನೆ. ಟೇಪು ಆಮೇಲೆ. ಬ್ರೌನ್ ಪೇಪರಿನ ಮೇಲೆ ಈ ಹುಡುಗನಿಗೆ ಎಡಕ್ಕೊಂದು, ಬಲಕ್ಕೊಂದು ಪ್ಯಾಟರ್ನ್ ಬರೆದೆ. ಬಲಗಡೆ ಭುಜದ ತುದಿಯನ್ನು ಅರ್ಧ ಇಂಚು ಇಳಿಸಿ, ಕಂಕುಳ ಸುತ್ತನ್ನೂ ಅದರ ಜೊತೆಗೇ ಇಳಿಸಿದೆ. ಭುಜವನ್ನಷ್ಟೇ ಇಳಿಸಿದರೆ ಕಂಕುಳ ಕೆಳಗೆ ಕಚ್ಚುತ್ತದೆ. ಬೆನ್ನಿನ ಭಾಗವನ್ನು ಮೇಲುಗಡೆ ಉದ್ದ ಮಾಡಿ, ಎದೆಯ ಭಾಗವನ್ನು ಅಷ್ಟೇ ಗಿಡ್ಡ ಮಾಡಿದೆ. ಹಿಂಭಾಗದ ಭುಜದಂಚು ಮುಂಭಾಗದ್ದಕ್ಕಿಂತ ಕಾಲಿಂಚಿಗೂ ತುಸು ಹೆಚ್ಚು ಉದ್ದ. ಆ ಹೆಚ್ಚಳವನ್ನು ಹಬೆ ಇಸ್ತ್ರಿಯಿಂದ ಕುಗ್ಗಿಸಿ ಹೊಲಿದರೆ ಹೆಗಲೆಲುಬಿಗೆ ಒಳಗೆ ಜಾಗ ಸಿಗುತ್ತದೆ. ಉಣ್ಣೆ ಇದಕ್ಕೆ ಒಗ್ಗುತ್ತದೆ. ಪಾಲಿಯೆಸ್ಟರ್ ಹೆಚ್ಚಿರುವ ಬಟ್ಟೆ ಇಸ್ತ್ರಿಗೆ ಮಣಿಯುವುದಿಲ್ಲ. ಅಗ್ಗದ ಸೂಟಿನ ಭುಜ ಹಲಗೆಯಂತೆ ಕೂರುವುದಕ್ಕೆ ಅದೂ ಒಂದು ಕಾರಣ.

ಮೊದಲ ಟ್ರಯಲ್ಲಿಗೆ ಕೋಟಿಗೆ ಜೇಬಿಲ್ಲ, ಲೈನಿಂಗ್ ಇಲ್ಲ. ಒಳಗೆ ಎದೆಗೆ ಆಕಾರ ಕೊಡುವ, ಅಂಟಿಸದ ಪದರವಾದ ಹೇರ್ ಕ್ಯಾನ್ವಾಸ್, ಎಲ್ಲೆಡೆ ಬಿಳಿ ಹತ್ತಿ ದಾರದ ಕಚ್ಚಾ ಹೊಲಿಗೆ. ತೊಡಿಸಿದಾಗ ಬೆನ್ನು ಚೆನ್ನಾಗಿ ಕೂತಿತು. ಬಲಭುಜದಲ್ಲಿ ಸಣ್ಣ ಸುಕ್ಕು ಇನ್ನೂ ಉಳಿದಿತ್ತು. ಅವನ ಮೈಮೇಲೆಯೇ ಭುಜದ ದಾರ ಕತ್ತರಿಸಿ ಬಿಟ್ಟೆ. ಬಟ್ಟೆ ತಾನಾಗಿ ಒಂದು ನೂಲಿನಷ್ಟು ಹಿಂದಕ್ಕೆ ಜಾರಿ ನಿಂತಿತು. ಸುಕ್ಕು ಹೋಯಿತು. ಅಲ್ಲೇ ಪಿನ್ನು ಹಾಕಿದೆ. ತೋಳನ್ನೂ ಹಾಗೆಯೇ ಹಿಡಿದು ತಿರುಗಿಸಿ ನೋಡಿದೆ. ಇವನ ಕೈಗಳು ಮುಂದಕ್ಕೆ ಜೋಲುವ ಕೈಗಳು. ತೋಳನ್ನು ಅರ್ಧ ಇಂಚು ಮುಂದಕ್ಕೆ ತಿರುಗಿಸಿ ಕೂರಿಸಿದರೆ ಮೊಣಕೈ ಹತ್ತಿರದ ಮಡಿಕೆ ಮಾಯ. ಇಂಥ ವಿಷಯ ಯಾವ ಟೇಪಿಗೂ ಸಿಗುವುದಿಲ್ಲ. ಅವನು ಹೋದ ಮೇಲೆ ಕೋಟನ್ನು ಪೂರ್ತಿ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಚಾಕಿನಿಂದ ಹೊಸ ಗೆರೆ ಹಾಕಿ ಮತ್ತೆ ಕತ್ತರಿಸಿದೆ. ಪೇಪರಿನ ಪ್ಯಾಟರ್ನನ್ನೂ ತಿದ್ದಿದೆ. ಮುಂದಿನ ಕೋಟಿಗೆ ಅದೇ ಆಧಾರ.

ಆಮೇಲೆ ಕೈಹೊಲಿಗೆ. ಲೇಪಲ್ಲನ್ನು, ಅಂದರೆ ಕಾಲರಿನ ಕೆಳಗೆ ಎದೆಯ ಮೇಲೆ ಮಡಚಿಕೊಳ್ಳುವ ಭಾಗವನ್ನು, ಕ್ಯಾನ್ವಾಸಿನೊಂದಿಗೆ ಕೂಡಿಸುವಾಗ ಎಡಗೈಯ ತೋರುಬೆರಳ ಮೇಲೆ ಅದನ್ನು ಬಾಗಿಸಿ ಹಿಡಿದು, ಹೊರಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಸೂಜಿಯ ತುದಿಗೆ ಸಿಕ್ಕಿಸಿಕೊಳ್ಳುತ್ತಾ ಓರೆಯಾಗಿ ಸಾಲು ಹಾಕುತ್ತೇವೆ. ಬೆರಳಿನ ಬಾಗು ಲೇಪಲ್ಲಿನಲ್ಲಿ ಉಳಿದುಕೊಳ್ಳುತ್ತದೆ. ಇಸ್ತ್ರಿ ಹಾಕದಿದ್ದರೂ ಅದು ಎದೆಯ ಮೇಲೆ ಮೃದುವಾಗಿ ಹೊರಳುತ್ತದೆ. ಈ ಕೆಲಸ ಬಲ್ಲ ಕೈಗಳು ನನ್ನ ಬೀದಿಯಲ್ಲಿ ಈಗ ಬೆರಳೆಣಿಕೆಯಷ್ಟು. ಕಲಿಯಲು ಬರುವ ಹುಡುಗರು ಇನ್ನೂ ಕಡಿಮೆ. ಹೆಸರನ್ನು ಯಾರು ಬೇಕಾದರೂ ಬಳಸಬಹುದಾದರೆ, ವರ್ಷಗಟ್ಟಲೆ ಕೂತು ಇದನ್ನು ಕಲಿಯುವ ಹುಡುಗನಿಗೆ ಹೆಚ್ಚು ಕೂಲಿ ಕೊಡಿ ಎಂದು ಗಿರಾಕಿಯನ್ನು ಕೇಳುವುದು ಹೇಗೆ? ಹೆಸರಿಗಾಗಿ ನಾನು ಹಟ ಹಿಡಿಯುವುದು ಇದಕ್ಕೇ.

ಗಿರಾಕಿಗಳಿಗೆ ಒಂದೆರಡು ಮಾತು. ಅಂಗಡಿಯಲ್ಲಿ ಬೆಸ್ಪೋಕ್ ಎಂದರೆ, ಕತ್ತರಿಸುವವರು ಯಾರು, ಅವರನ್ನು ನೋಡಬಹುದೇ ಎಂದು ಕೇಳಿ. ನನ್ನ ಪ್ಯಾಟರ್ನ್ ತೋರಿಸುತ್ತೀರಾ ಎಂದು ಕೇಳಿ. ಟ್ರಯಲ್ ಕಚ್ಚಾ ಹೊಲಿಗೆಯಲ್ಲೋ, ಮುಗಿದ ಕೋಟಿನಲ್ಲೋ ಎಂದು ಕೇಳಿ. ಸಿದ್ಧವಾದ ಕೋಟೊಂದನ್ನು ಕೈಗೆತ್ತಿಕೊಂಡು, ಕಾಜಾದ ಹತ್ತಿರ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಎರಡು ಕೈಗಳಲ್ಲಿ ಚಿವುಟಿ ಬಿಡಿಸಿ. ನಡುವೆ ಮೂರನೆಯ ಪದರ ಬಿಡಿಯಾಗಿ ಜಾರಿದರೆ ಕ್ಯಾನ್ವಾಸ್. ಹೊರಬಟ್ಟೆಗೇ ಅಂಟಿಕೊಂಡು ದಪ್ಪಗಿದ್ದರೆ ಫ್ಯೂಸಿಂಗ್.

ಮುಂದಿನ ತಿಂಗಳು ಮದುವೆ, ಕೈಯಲ್ಲಿರುವುದು 20,000 ಎಂದು ಬರುವವರಲ್ಲಿ ಮೈಕಟ್ಟು ಸಮನಾಗಿರುವವರನ್ನು ನಾನೇ ಅಳತೆ ಸೂಟಿನ ಮಳಿಗೆಗೆ ಕಳಿಸುತ್ತೇನೆ. ಮಾದರಿ ಕೋಟು ಹಾಕಿಕೊಂಡಾಗ ಮೊದಲು ಭುಜವನ್ನೂ ಕಾಲರನ್ನೂ ನೋಡಿ, ಅವೆರಡು ಕೂತರೆ ಮಿಕ್ಕದ್ದನ್ನು ಸರಿಮಾಡಿಸಿಕೊಳ್ಳಬಹುದು ಎಂದು ಹೇಳುತ್ತೇನೆ. ಕೂರದಿದ್ದರೆ ಬಟ್ಟೆಯನ್ನಷ್ಟೇ ತೆಗೆದುಕೊಂಡು ಬನ್ನಿ, ಮೂರೂಕಾಲು ಮೀಟರ್ ಸಾಕು ಎನ್ನುತ್ತೇನೆ.