ಹಳ್ಳದ ದಂಡೆಗೆ ಅತ್ತಿ ಬೆಳೆಸಿದೆ

ಹಾವೇರಿ ಹತ್ತಿರ ನಮ್ಮ ಹೊಲ. ಎರೆ ಭೂಮಿ, ಒಂದು ಬದಿಗೆ ಹಳ್ಳ. ಹಳ್ಳದ ದಂಡೆಗಿದ್ದ ಹಳೇ ಅತ್ತಿ ಮರ ಒಂದು ಮಳೆಗಾಲದಲ್ಲಿ ದಂಡೆ ಸಮೇತ ಕುಸಿದು ಹೋಯಿತು. ಆಮೇಲೆ ಬೆಳಿಗ್ಗೆ ಹೊಲಕ್ಕೆ ಹೋದರೆ ಹಕ್ಕಿ ಕೂಗೇ ಇಲ್ಲ. ನನಗೆ ತಡೆಯಲಾಗಲಿಲ್ಲ.

ಮೊದಲು ತೋಳು ದಪ್ಪದ ಟೊಂಗೆ ಕಡಿದು ನೆಟ್ಟೆ. ನೀರು ನಿಂತು ಬುಡ ಕೊಳೆಯಿತು. ಆಮೇಲೆ ಬೀಜ ಹಾಕಿದೆ. ಚೆನ್ನಾಗಿ ಕಳಿತ ಹಣ್ಣನ್ನು ನೀರಲ್ಲಿ ಕಿವುಚಿ, ಸಾಸಿವೆಗಿಂತ ಸಣ್ಣ ಬೀಜ ಸೋಸಿ, ಮರಳು ಬೆರೆಸಿದ ತಿಪ್ಪೆಗೊಬ್ಬರದ ಮೇಲೆ ಸುಮ್ನೆ ಉದುರಿಸಿದೆ. ಮೇಲೆ ಮಣ್ಣು ಮುಚ್ಚಬೇಡಿ. ದಿನಾ ಎರಡು ಸಲ ನೀರು ಚಿಮುಕಿಸಿದೆ, ಮೂರು ವಾರಕ್ಕೆ ಮೊಳಕೆ ಬಂತು. ಒಂದು ವರ್ಷ ಚೀಲದಲ್ಲಿ ಬೆಳೆಸಿ 2013ರ ಮುಂಗಾರಿಗೆ ನೆಟ್ಟೆ. ಅತ್ತಿ ಎಲೆ ಕಂಡರೆ ಆಡು ಬಿಡುವುದಿಲ್ಲ, ಹಾಗಾಗಿ ಸುತ್ತ ಜಾಲಿ ಮುಳ್ಳು ಕಟ್ಟಿದೆ. ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತೆ.

ಮೂರನೇ ವರ್ಷ ಎಲೆ ತುಂಬಾ ಗಂಟು. ಔಷಧ ಹೊಡೆಯಿರಿ ಅಂದರು. ನಾನು ಒಂದು ಗಂಟು ಸೀಳಿ ನೋಡಿದೆ, ಒಳಗೆ ಸಣ್ಣ ಹುಳದ ಮರಿ ಇತ್ತು. ಔಷಧ ಹೊಡೆಯಲಿಲ್ಲ. ಮರ ತನ್ನ ಪಾಡಿಗೆ ಬೆಳೆಯಿತು.

2019ರಲ್ಲಿ ಕಾಂಡಕ್ಕೇ ಅಂಟಿಕೊಂಡು ಕಾಯಿ ಗೊಂಚಲು ಬಂತು. ಖುಷಿಪಟ್ಟೆ. ಹದಿನೈದು ದಿನದಲ್ಲಿ ಎಲ್ಲಾ ಹಸಿರಾಗಿಯೇ ಉದುರಿತು. ಕಾರಣ ಆಮೇಲೆ ತಿಳಿಯಿತು. ಅತ್ತಿ ಕಾಯಿ ಅಂದರೆ ಹೂಗಳು ಒಳಮುಖವಾಗಿ ಅರಳಿದ ಚೀಲ, ಅದರ ತುದಿಯ ಸಣ್ಣ ತೂತಿನಿಂದ ಒಂದು ಪುಟ್ಟ ಕಣಜ ರೆಕ್ಕೆ ಹರಿದುಕೊಂಡು ಒಳಗೆ ನುಗ್ಗಿ ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಅದು ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ನನ್ನ ಮರದ ಸುದ್ದಿ ಆ ಕಣಜಕ್ಕೆ ಇನ್ನೂ ಮುಟ್ಟಿರಲಿಲ್ಲ.

ಮರುವರ್ಷ ಮುಟ್ಟಿತು! ಹಣ್ಣಾಗುವ ಮುಂಚಿನ ಒಂದು ಕಾಯಿ ಒಡೆದು ಅಂಗೈ ಮೇಲೆ ಇಟ್ಟುಕೊಂಡೆ. ರೆಕ್ಕೆ ಇಲ್ಲದ ಹಳದಿ ಗಂಡುಗಳು ಒಳಗೇ ತೆವಳುತ್ತಿದ್ದವು. ಹೊರಗೆ ಹೋಗಲು ದಾರಿ ಕೊರೆಯುವವು ಅವೇ. ಕಪ್ಪು ಹೆಣ್ಣುಗಳು ಒಂದೊಂದಾಗಿ ನನ್ನ ಬೆರಳ ತುದಿಗೆ ಬಂದು ಹಾರಿದವು, ಇನ್ನೊಂದು ಅತ್ತಿ ಹುಡುಕಿಕೊಂಡು. ಅತ್ತಿ ಹಣ್ಣು ಒಡೆದರೆ ಬರೀ ಹುಳ ಅಂತ ಹೇಸಿಗೆ ಪಡುತ್ತೇವೆ, ಅಲ್ವಾ? ಆ ಹುಳ ಇಲ್ಲದೆ ಹಣ್ಣೇ ಇಲ್ಲ.

ಈಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಹಣ್ಣು. ಬೇರೆ ಮರ ಬೋಳಾಗಿರುವ ಬೇಸಿಗೆಯಲ್ಲೂ ಕುಟ್ರ ಹಕ್ಕಿ, ಕೋಗಿಲೆ, ಗೊರವಂಕ, ಅಳಿಲು ಬರುತ್ತವೆ. ರಾತ್ರಿ ಬಾವಲಿ.

"ಹೊಲಕ್ಕ ನೆರಳ ಬೀಳತೈತಿ, ಯಾಕ ಬೇಕಿತ್ತು ತಮ್ಮಾ?" ಅನ್ನುತ್ತಾರೆ ಪಕ್ಕದ ಹೊಲದ ಕಾಕಾ. ಅವರ ಮಾತು ನಿಜ, ಮರದ ಬಳಿ ಎರಡು ಸಾಲು ಗೋವಿನಜೋಳ ಏಳುವುದಿಲ್ಲ. ಆ ಎರಡು ಸಾಲು ನಾನು ಹಕ್ಕಿಗಳಿಗೇ ಬಿಟ್ಟಿದ್ದೇನೆ.

ಹೋದ ಮಳೆಗಾಲ ಬಾವಿ ಕಲ್ಲಿನ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಒಂದು ಅತ್ತಿ ಸಸಿ ಎದ್ದಿತ್ತು. ಅಲ್ಲೇ ಬಿಟ್ಟರೆ ಬೇರು ಗೋಡೆ ಒಡೆಯುತ್ತದೆ. ಮೆಲ್ಲಗೆ ಕಿತ್ತು ಚೀಲಕ್ಕೆ ಹಾಕಿದ್ದೇನೆ, ಎರಡು ಹೊಸ ಎಲೆ ಬಂದಿವೆ. ಹಳ್ಳದ ದಂಡೆಗೆ ಜಾಗ ಇದ್ದವರು ಬಂದು ಒಯ್ಯಬಹುದು.